ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ

ನಮ್ಮ ರಾಜಾಜಿನಗರದಿಂದ ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದರೆ ಪೀಣ್ಯ ಸಿಗುತ್ತದೆ. ಲೇತ್ ಯಂತ್ರಗಳ ಸದ್ದು, ಲಾರಿಗಳ ಸಾಲು, ಪಾಳಿ ಮುಗಿಸಿ ಬರುವ ಕಾರ್ಮಿಕರು, ಇವೇ ಆ ಪ್ರದೇಶದ ಗುರುತೆಂದು ನಂಬಿದವರಿಗೆ, ಭಾರತದ ಮೊದಲ ಉಪಗ್ರಹ ರೂಪುಗೊಂಡದ್ದು ಅಲ್ಲಿಯ ಕಲ್ನಾರು ಹೊದಿಕೆಯ ಷೆಡ್ಡುಗಳಲ್ಲಿ ಎಂದರೆ ಸೋಜಿಗವಾಗುತ್ತದೆ. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ಪೀಣ್ಯದ ಕಾರ್ಮಿಕರ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

1972ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು. ಉಪಗ್ರಹ ನಮ್ಮದು, ರಾಕೆಟ್ಟು ಅವರದು. ಹೊಣೆ ಹೊತ್ತವರು ಉಡುಪಿ ಸೀಮೆಯ ಅದಮಾರಿನ ಪ್ರೊ. ಯು.ಆರ್. ರಾವ್. ಅಮೆರಿಕದಲ್ಲಿದ್ದಾಗ ಪಯೊನಿಯರ್, ಎಕ್ಸ್‌ಪ್ಲೋರರ್ ನೌಕೆಗಳ ಪ್ರಯೋಗಗಳಲ್ಲಿ ದುಡಿದಿದ್ದ ಅವರಿಗೆ ಬಾಹ್ಯಾಕಾಶ ಹೊಸದಲ್ಲ. ತಂಡದ ಬಹುಪಾಲು ಎಂಜಿನಿಯರುಗಳಾದರೋ ಎಳೆಯರು. ಉಪಗ್ರಹವನ್ನು ಕಣ್ಣಿಂದ ಕಂಡವರೂ ಅಪರೂಪ. ಹಾಗಿದ್ದೂ ಮೂರು ವರ್ಷ ತುಂಬುವ ಮೊದಲೇ, 1975ರ ಏಪ್ರಿಲ್ 19ರಂದು, 360 ಕಿಲೋ ತೂಕದ ಆರ್ಯಭಟ ಕಪುಸ್ತಿನ್ ಯಾರ್ ನೆಲೆಯಿಂದ ಮೇಲೇರಿತು.

ಅವರು ಹಗಲಿರುಳು ದುಡಿದರೆಂಬುದನ್ನು ಎಲ್ಲರೂ ಬರೆಯುತ್ತಾರೆ. ನನ್ನ ಗಮನ ಹೋಗುವುದು ಆ ತಂಡದ ಹೆಗಲಿಗೆ ಹೇರದೆ ಉಳಿಸಿದ ಭಾರದ ಕಡೆಗೆ. ಸೌರಕೋಶಗಳು, ಬ್ಯಾಟರಿಗಳು, ಟೇಪ್ ರೆಕಾರ್ಡರು ಸೋವಿಯತ್ ಒಕ್ಕೂಟದಿಂದ ಬಂದವು. ಉಪಗ್ರಹದ ಮುಖವನ್ನು ಸದಾ ಒಂದೇ ದಿಕ್ಕಿಗೆ ನಿಲ್ಲಿಸುವ ಜಟಿಲ ವಿಧಾನವನ್ನು ಬಿಟ್ಟು, ಬುಗುರಿಯಂತೆ ತಿರುಗುತ್ತ ಸ್ಥಿರವಾಗಿರುವ ಸರಳ ವಿಧಾನವನ್ನು ಆರಿಸಲಾಯಿತು. ಹಾರುವ ಉಪಗ್ರಹಕ್ಕೆ ಮುನ್ನ ಹಲವು ಮಾದರಿಗಳನ್ನು ಕಟ್ಟಿ ನೆಲದ ಮೇಲೆಯೇ ಪರೀಕ್ಷೆಗೆ ಒಡ್ಡಿದರು. ಪರದೇಶದ ಬಿಡಿಭಾಗಗಳಿದ್ದವೆಂದು ಮೂಗು ಮುರಿಯುವವರುಂಟು. ನನಗೆ ಆ ಟೀಕೆ ಒಪ್ಪಿಗೆಯಿಲ್ಲ. ಮಗ್ಗಿ ಬಾರದ ಹುಡುಗನಿಗೆ ಬೀಜಗಣಿತ ಹೇರಿ, ಬರಲಿಲ್ಲವೆಂದು ಬೆತ್ತ ಎತ್ತುವ ಉಪಾಧ್ಯಾಯರನ್ನು ನಾನು ಬಲ್ಲೆ. ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಅವರೂ, ರಾವ್ ಅವರೂ ಅಂಥವರಾಗಿರಲಿಲ್ಲ.

ಹಾಗೆಂದು ಭಾರ ಹಗುರವಾಗಿತ್ತೆಂದಲ್ಲ. ದಿನಾಂಕದ ಒತ್ತಡ ಕಠಿಣವೇ ಆಗಿತ್ತು. ಮೇಲೇರಿದ ನಾಲ್ಕೈದು ದಿನಗಳಲ್ಲೇ ವಿದ್ಯುತ್ ಪೂರೈಕೆ ಕೆಟ್ಟು, ಒಳಗಿದ್ದ ಮೂರು ವೈಜ್ಞಾನಿಕ ಪ್ರಯೋಗಗಳೂ ನಿಂತವು. ಬಹಳ ದೊಡ್ಡ ನಷ್ಟವದು. ಆದರೆ ತಂಡ ಚದುರಲಿಲ್ಲ. 1979ರ ಜೂನ್ 7ರಂದು ಹಾರಿದ ಭಾಸ್ಕರದ ಆಕಾರ ಆರ್ಯಭಟದ್ದೇ. ಹೊಸ ಹೊರೆಯೆಂದರೆ ಭೂಮಿಯನ್ನು ನೋಡುವ ಟಿ.ವಿ. ಕ್ಯಾಮೆರಾ ಮತ್ತು ಸೂಕ್ಷ್ಮತರಂಗ ಮಾಪಕ. ಮೊದಲು ಕೈಬಿಟ್ಟಿದ್ದ, ಮುಖವನ್ನು ಸ್ಥಿರವಾಗಿ ನಿಲ್ಲಿಸುವ ವಿದ್ಯೆಯನ್ನು 1981ರ ಜೂನ್ 19ರಂದು ಹಾರಿದ ಸಂಪರ್ಕ ಉಪಗ್ರಹ ಆಪಲ್‌ನಲ್ಲಿ ಕೈಗೆತ್ತಿಕೊಂಡರು. ಎತ್ತಿನ ಗಾಡಿಯ ಮೇಲೆ ಕುಳಿತ ಉಪಗ್ರಹದ ಚಿತ್ರ ನೀವು ನೋಡಿರುತ್ತೀರಿ, ಅದು ಇದೇ ಆಪಲ್. ಅದನ್ನು ಬಡತನದ ಚಿತ್ರವೆಂದು ತಿಳಿಯುವುದು ತಪ್ಪು. ಲೋಹದ ವಾಹನವು ಆಂಟೆನಾ ಪರೀಕ್ಷೆಗೆ ಅಡ್ಡಿಯಾಗದಿರಲೆಂದು ಮರದ ಗಾಡಿ ತಂದಿದ್ದರು.

ಆಪಲ್‌ನ ಒಂದು ಸೌರಫಲಕ ಕಕ್ಷೆಯಲ್ಲಿ ಬಿಚ್ಚಿಕೊಳ್ಳಲೇ ಇಲ್ಲ. ಉಳಿದ ಒಂದರ ಶಕ್ತಿಯಲ್ಲೇ ಅದು ಎರಡು ವರ್ಷಕ್ಕೂ ಮೇಲ್ಪಟ್ಟು ದುಡಿಯಿತು. 1988ರ ಮಾರ್ಚ್ 17ರಂದು ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎ ಬೈಕನೂರಿನಿಂದ ಹಾರಿದಾಗ ಆರ್ಯಭಟ ಇನ್ನೂ ಮೇಲೆ ಸುತ್ತುತ್ತಲೇ ಇತ್ತು. ಅದು ವಾತಾವರಣಕ್ಕೆ ಇಳಿದು ಉರಿದದ್ದು 1992ರ ಫೆಬ್ರವರಿಯಲ್ಲಿ.