ಲೀಡರ್ ಯಾರು ಅಂತ ಹೇಳಬೇಕಾದವರು ಯಾರು? ಆಫ್ರಿಕಾದ ಚರ್ಚುಗಳ ಬರೆಯದ ಲೆಕ್ಕ

ಇವತ್ತಿನ ಎಪಿಸೋಡನ್ನ ಒಂದು ಸಂಖ್ಯೆಯಿಂದ ಶುರು ಮಾಡ್ತೀನಿ. 8,041.

ಸುಮಾರು ಹನ್ನೆರಡು-ಹದಿಮೂರು ವರ್ಷದ ಹಿಂದೆ ಕೀನ್ಯಾ, ಅಂಗೋಲಾ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಇಷ್ಟು ಜನ ಕ್ರೈಸ್ತರು ಒಂದು ಪ್ರಶ್ನಾವಳಿಗೆ ಉತ್ತರ ಕೊಟ್ಟರು. ಪ್ರಶ್ನೆ ತುಂಬಾ ಸಿಂಪಲ್. ನಿಮ್ಮ ಮೇಲೆ, ನಿಮ್ಮ ಊರಿನ ಮೇಲೆ ನಿಜವಾಗಿ ಪ್ರಭಾವ ಬೀರಿದ ನಾಯಕ ಯಾರು? ಪಾದ್ರಿ ಯಾರು, ಪಾದ್ರಿ ಅಲ್ಲದವರು ಯಾರು? ಯಾವ ಸಂಸ್ಥೆ? ಏನು ಓದ್ತೀರಿ?

ಇದರಲ್ಲಿ ಏನು ದೊಡ್ಡ ವಿಷಯ ಅಂತ ನಿಮಗೆ ಅನಿಸಬಹುದು. ಈ ಪ್ರಶ್ನೆಯನ್ನ ನೇರವಾಗಿ ಜನರ ಹತ್ರಾನೇ ಕೇಳೋ ಹೊತ್ತಿಗೆ ಸುಮಾರು ಇನ್ನೂರು ವರ್ಷ ಕಳೆದಿತ್ತು. ಇವತ್ತಿನ ಕಥೆ ಆ ಇನ್ನೂರು ವರ್ಷದ್ದು.

ಮೊದಲು ಹಿನ್ನೆಲೆ. 1900ರಲ್ಲಿ ಇಡೀ ಆಫ್ರಿಕಾ ಖಂಡದಲ್ಲಿ ಇದ್ದ ಕ್ರೈಸ್ತರು ಸುಮಾರು ಒಂದು ಕೋಟಿ ಅನ್ನೋದು ಅಂದಾಜು. ಇವತ್ತು ಅರವತ್ತು ಕೋಟಿಗೂ ಜಾಸ್ತಿ. ಇಷ್ಟು ದೊಡ್ಡ ಬದಲಾವಣೆಯನ್ನ ಯುರೋಪಿನಿಂದ ಹಡಗಿನಲ್ಲಿ ಬಂದ ಕೆಲವು ಸಾವಿರ ಮಿಷನರಿಗಳೇ ಮಾಡಿದ್ರು ಅಂದ್ರೆ ನಂಬೋಕಾಗುತ್ತಾ? ಹಳ್ಳಿ ಹಳ್ಳಿಗೆ ನಡೆದವರು, ಭಾಷಾಂತರ ಮಾಡಿದವರು, ಮಕ್ಕಳಿಗೆ ಅಕ್ಷರ ಕಲಿಸಿದವರು ಬಹುಪಾಲು ಆಫ್ರಿಕನ್ನರೇ. ಆದರೆ ಹೆಡ್ ಆಫೀಸಿಗೆ ವರದಿ ಬರೆಯುತ್ತಿದ್ದವರು ಹೆಚ್ಚಾಗಿ ಮಿಷನರಿಗಳು. ನಾನು ಓದಿದ್ದು ಬಿ.ಕಾಂ. ಅಲ್ಲಿ ಮೊದಲು ಕಲಿಸೋ ಪಾಠ: ಲೆಡ್ಜರ್ ಯಾರ ಕೈಯಲ್ಲಿದೆ ಅಂತ ನೋಡು. ಹಣ ಕಳಿಸೋರಿಗೆ ಬರೆದ ಪತ್ರದಲ್ಲಿ ಯಾರ ಹೆಸರು ಮುಂದೆ ಬರುತ್ತೆ ಅಂತ ಊಹಿಸೋದು ಕಷ್ಟ ಅಲ್ಲ.

ಒಂದು ಉದಾಹರಣೆ ನೋಡಿ. ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್. ಇವತ್ತಿನ ನೈಜೀರಿಯಾದ ಯೊರುಬಾ ಹುಡುಗ. 1821ರಲ್ಲಿ ಊರಿನ ಮೇಲೆ ದಾಳಿಯಾಗಿ ಗುಲಾಮನಾದ. ಅವನಿದ್ದ ಹಡಗನ್ನ 1822ರಲ್ಲಿ ಬ್ರಿಟಿಷ್ ನೌಕಾಪಡೆ ಹಿಡಿದು, ಬಿಡಿಸಿ, ಸಿಯೆರಾ ಲಿಯೋನ್‌ನಲ್ಲಿ ಇಳಿಸಿತು. ಅಲ್ಲಿ ಓದಿದ, 1843ರಲ್ಲಿ ಪಾದ್ರಿಯಾದ, ಬೈಬಲನ್ನು ಯೊರುಬಾ ಭಾಷೆಗೆ ತರುವ ಕೆಲಸದಲ್ಲಿ ಮುಂದೆ ನಿಂತ. 1864ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಬಿಷಪ್ ಪಟ್ಟ. ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್.

ಆಮೇಲೆ ಏನಾಯ್ತು? 1890ರಲ್ಲಿ ಇಂಗ್ಲೆಂಡಿನಿಂದ ಬಂದ ಯುವ ಮಿಷನರಿಗಳು ಕ್ರೌಥರ್ ಕೈಕೆಳಗಿನ ಆಫ್ರಿಕನ್ ಕೆಲಸಗಾರರನ್ನ ಒಬ್ಬೊಬ್ಬರಾಗಿ ಅಮಾನತು ಮಾಡಿದರು. ಎಂಬತ್ತು ದಾಟಿದ ಬಿಷಪ್ ತನ್ನದೇ ಮಿಷನ್ನಿನ ಸಮಿತಿಯಿಂದ ಹೊರಬಂದರು. 1891ರ ಡಿಸೆಂಬರ್ 31ಕ್ಕೆ ಲಾಗೋಸ್‌ನಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದದ್ದು ಯುರೋಪಿಯನ್ ಬಿಷಪ್. ಎಷ್ಟೋ ದಶಕ ಇದನ್ನ ಹೇಳಿದ್ದು 'ಆಫ್ರಿಕನ್ನರ ಕೈಗೆ ಅಧಿಕಾರ ಕೊಟ್ಟು ನೋಡಿದ್ವಿ, ಆಗಲಿಲ್ಲ' ಅನ್ನೋ ಧಾಟಿಯಲ್ಲಿ. 1960ರ ದಶಕದಲ್ಲಿ ಜೆ. ಎಫ್. ಅಡೆ ಅಜಾಯಿಯಂಥ ನೈಜೀರಿಯನ್ ಇತಿಹಾಸಕಾರರು ಮಿಷನ್ ದಾಖಲೆಗಳನ್ನ ತಮ್ಮ ಕಣ್ಣಿಂದ ಓದಿದಾಗ ಚಿತ್ರ ಬದಲಾಯ್ತು. 2014ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಈ ವಿಷಯಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು.

ಕ್ರೌಥರ್‌ಗೆ ಇಂಗ್ಲಿಷ್ ಬರುತ್ತಿತ್ತು, ಅವರ ಪತ್ರಗಳು ಉಳಿದವು. ಬರೆದಿಡದೇ ಇದ್ದವರ ಗತಿ ಏನು? ಲೈಬೀರಿಯಾದ ವಿಲಿಯಂ ವೇಡ್ ಹ್ಯಾರಿಸ್ 1913ರಲ್ಲಿ ಬಿದಿರಿನ ಶಿಲುಬೆ ಹಿಡಿದು ಐವರಿ ಕೋಸ್ಟ್ ದಂಡೆಯುದ್ದಕ್ಕೂ ನಡೆದುಕೊಂಡು ಹೋದ. ಒಂದೂವರೆ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದೀಕ್ಷಾಸ್ನಾನ ಪಡೆದರು ಅಂತ ಅಂದಾಜು. ಹೆದರಿದ ಫ್ರೆಂಚ್ ಆಡಳಿತ ಅವನನ್ನ ಗಡೀಪಾರು ಮಾಡಿತು. ಸುಮಾರು ಹತ್ತು ವರ್ಷದ ಮೇಲೆ ಮೆಥಡಿಸ್ಟ್ ಮಿಷನರಿಗಳು ಅಲ್ಲಿಗೆ ಹೋದಾಗ, ಸಾವಿರಾರು ಜನ ಚರ್ಚ್ ನಡೆಸಿಕೊಂಡು ಕಾಯ್ತಾ ಇದ್ದರು. ಆ ಹತ್ತು ವರ್ಷ ಅವನ್ನೆಲ್ಲ ನಡೆಸಿದವರು ಯಾರು? ಬಹುತೇಕರ ಹೆಸರು ಎಲ್ಲೂ ಇಲ್ಲ. ಹ್ಯಾರಿಸ್ ಪ್ರಭಾವಕ್ಕೆ ಬಂದ ಗ್ರೇಸ್ ಟಾನಿ ಅನ್ನೋ ಹೆಂಗಸು ಇವತ್ತಿನ ಘಾನಾದಲ್ಲಿ ಒಂದು ಇಡೀ ಚರ್ಚನ್ನೇ ಕಟ್ಟಿದವರಲ್ಲಿ ಒಬ್ಬಳು. ಅವಳ ಹೆಸರನ್ನ ನಮ್ಮಲ್ಲಿ ಎಷ್ಟು ಜನ ಕೇಳಿದ್ದೀವಿ?

ಈಗ ನಮಗೆ ಸ್ವಲ್ಪ ಹತ್ತಿರದ ಕೊಂಡಿ. ಬಾಸೆಲ್ ಮಿಷನ್ ಅಂದ್ರೆ ನಮಗೆ ಮಂಗಳೂರು ಹಂಚು, 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು. ಅದೇ ಮಿಷನ್ 1828ರಿಂದ ಗೋಲ್ಡ್ ಕೋಸ್ಟ್‌ನಲ್ಲೂ, ಅಂದ್ರೆ ಇವತ್ತಿನ ಘಾನಾದಲ್ಲೂ ಇತ್ತು. ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದ 1834ರಲ್ಲೇ ಗೋಲ್ಡ್ ಕೋಸ್ಟ್‌ನಲ್ಲಿ ಕಾರ್ಲ್ ಕ್ರಿಶ್ಚಿಯನ್ ರೈನ್‌ಡಾರ್ಫ್ ಹುಟ್ಟಿದ. ಬೆಳೆದು ಅದೇ ಮಿಷನ್ನಿನ ಪಾದ್ರಿಯಾದ. ಗಂಡಸರು ಹೆಂಗಸರು ಸೇರಿ ಇನ್ನೂರಕ್ಕೂ ಹೆಚ್ಚು ಜನರನ್ನ ಮಾತಾಡಿಸಿ, ಅವರು ಹೇಳಿದ್ದನ್ನ ಕೂಡಿಸಿ, 1895ರಲ್ಲಿ ತನ್ನ ನಾಡಿನ ಇತಿಹಾಸ ಪ್ರಕಟಿಸಿದ. ಕಿಟ್ಟೆಲ್ ನಿಘಂಟು ಬಂದ ಮರುವರ್ಷ. ಟೇಪ್ ರೆಕಾರ್ಡರ್ ಇಲ್ಲ, ಫಂಡಿಂಗ್ ಇಲ್ಲ. ಎಲ್ಲರೂ ಸೇರಿ ಮಾಡುವ ಸಂಶೋಧನೆ ಅಂತ ಇವತ್ತು ಏನನ್ನ ಕರೀತೀವೋ, ಅದನ್ನ ಆತ ಆಗಲೇ ಮಾಡಿದ್ದ.

ಅದಾಗಿ ನೂರು ವರ್ಷಕ್ಕೆ, 1995ರಲ್ಲಿ, ಆಫ್ರಿಕನ್ ಕ್ರೈಸ್ತರ ಜೀವನಚರಿತ್ರೆ ಕೋಶ ಅನ್ನೋ ಯೋಜನೆ ಶುರುವಾಯ್ತು. ಅದರ ಹಿಂದಿದ್ದವರು ಇಥಿಯೋಪಿಯಾದಲ್ಲಿ ಬೆಳೆದ ಜೊನಾಥನ್ ಬಾಂಕ್. ಉಲ್ಲೇಖ ಗ್ರಂಥಗಳಲ್ಲಿ ಯುರೋಪಿನ ಹೆಸರುಗಳೇ ತುಂಬಿವೆ, ಆಫ್ರಿಕಾದವರು ಬೆರಳೆಣಿಕೆ ಅನ್ನೋದು ಅವರ ತಕರಾರು. ಪರಿಹಾರವಾಗಿ ಆಫ್ರಿಕಾದ ಕಾಲೇಜು, ಸೆಮಿನರಿ ವಿದ್ಯಾರ್ಥಿಗಳು ತಮ್ಮೂರಿಗೆ ಹೋಗಿ, ಹಿರಿಯರನ್ನ ಕೇಳಿ, ಒಬ್ಬೊಬ್ಬರ ಕಥೆ ಬರೆದು ಕಳಿಸಬೇಕು. ಎಲ್ಲವೂ ಆನ್‌ಲೈನ್, ಎಲ್ಲವೂ ಫ್ರೀ. ಇಂಟರ್ನೆಟ್ ಸರಿಯಾಗಿ ಇಲ್ಲದ ಕಾಲೇಜುಗಳಿಗೆ ಸಿಡಿ. 2012ರಿಂದ ಇದು ಬಾಸ್ಟನ್ ವಿಶ್ವವಿದ್ಯಾಲಯದಲ್ಲಿದೆ.

ಇಲ್ಲಿಂದ ಮತ್ತೆ 8,041ಕ್ಕೆ ಬರೋಣ. ಇದರ ಹೆಸರು ಆಫ್ರಿಕಾ ಲೀಡರ್‌ಶಿಪ್ ಸ್ಟಡಿ. ದುಡ್ಡು ಅಮೆರಿಕದ ಒಂದು ಕ್ರೈಸ್ತ ಪ್ರತಿಷ್ಠಾನದ್ದು. ಹಾಗಾದ್ರೆ ಲೆಡ್ಜರ್ ಮತ್ತೆ ಹೊರಗಿನವರ ಕೈಗೇ ಹೋಯ್ತಲ್ಲ? ನನಗೂ ಮೊದಲು ಬಂದ ಸಂಶಯ ಅದೇ. ಈ ಸಂಶಯ ಪೂರ್ತಿ ಬಿಡಬೇಕು ಅಂತ ನಾನು ಹೇಳಲ್ಲ. ಆದರೆ ಸಂಶೋಧನಾ ತಂಡದಲ್ಲಿ ಆ ದೇಶಗಳ ವಿದ್ವಾಂಸರು ಇದ್ದರು. 2017ರಲ್ಲಿ ಬಂದ ಪುಸ್ತಕದ ಸಂಪಾದಕರು ಇಬ್ಬರು: ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಪ್ರೀಸ್ಟ್, ಕೀನ್ಯಾದ ಲೇಖಕ ಕಿರಿಮಿ ಬರೀನೆ. ಮೂರು ದೇಶಗಳ ಆಯ್ಕೆಯಲ್ಲೂ ಅರ್ಥ ಇದೆ. ಕೀನ್ಯಾ ಇಂಗ್ಲಿಷ್, ಮಧ್ಯ ಆಫ್ರಿಕಾ ಫ್ರೆಂಚ್, ಅಂಗೋಲಾ ಪೋರ್ಚುಗೀಸ್. ಒಂದೇ ಪ್ರಶ್ನೆ, ಮೂರು ವಸಾಹತು ಭಾಷೆಗಳ ಮೂರು ಬೇರೆ ಬೇರೆ ಲೋಕ. ಹೌದು, ಮೂರು ದೇಶ ಅಂದ್ರೆ ಇಡೀ ಆಫ್ರಿಕಾ ಅಲ್ಲ, ಅಲ್ಲಿರೋದು 54 ದೇಶ. ಅದು ಇದರ ಮಿತಿ.

ಜನರ ಉತ್ತರದಲ್ಲಿ ಏನು ಸಿಕ್ತು? ಪುಲ್ಪಿಟ್ ಹಿಂದೆ ನಿಂತವರಷ್ಟೇ ಅಲ್ಲ, ಪಾದ್ರಿಗಳಲ್ಲದವರೂ ಸಿಕ್ಕರು. ಹೆಂಗಸರ ನಾಯಕತ್ವ ಎಷ್ಟು ಗಟ್ಟಿಯಾಗಿತ್ತು ಅಂದ್ರೆ ಅದಕ್ಕೇ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಬೇಕಾಯ್ತು. ಯುದ್ಧದ ಮಧ್ಯೆ ನಾಯಕರು ಏನು ಮಾಡಿದರು ಅನ್ನೋದಕ್ಕೆ ಇನ್ನೊಂದು.

ಆ ಯುದ್ಧದ ಮಾತು ಬರೀ ಪುಸ್ತಕದ್ದಲ್ಲ. 2013ರ ಮಾರ್ಚ್‌ನಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಾಂಗಿ ಬಂಡುಕೋರರ ವಶವಾಯ್ತು. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಅವರ ದೌರ್ಜನ್ಯಕ್ಕೆ ಪ್ರತಿಯಾಗಿ ಎದ್ದ ಗುಂಪುಗಳನ್ನ ಜಗತ್ತಿನ ಪತ್ರಿಕೆಗಳು ಕ್ರೈಸ್ತ ಸೇನೆ ಅಂತಾನೇ ಕರೆದವು. ಆಗ ಮೂರು ಜನ ಒಟ್ಟಿಗೆ ನಿಂತರು. ಕ್ಯಾಥೊಲಿಕ್ ಆರ್ಚ್‌ಬಿಷಪ್ ಡಿಯುಡೊನೆ ನ್ಜಪಲೈಂಗಾ, ಇಮಾಮ್ ಉಮರ್ ಕೋಬಿನ್ ಲಯಾಮಾ, ಪಾಸ್ಟರ್ ನಿಕೊಲಾಸ್ ಗೆರೆಕೊಯಾಮೆ. ಇದು ಧರ್ಮಯುದ್ಧ ಅಲ್ಲ, ನಮ್ಮ ಧರ್ಮದ ಹೆಸರು ಬಳಸಬೇಡಿ ಅಂತ ಊರೂರು ಸುತ್ತಿದರು. ಇಮಾಮರ ಜೀವಕ್ಕೇ ಅಪಾಯ ಬಂದಾಗ ಅವರು ತಿಂಗಳುಗಟ್ಟಲೆ ಇದ್ದದ್ದು ಆರ್ಚ್‌ಬಿಷಪ್ ಮನೆಯಲ್ಲಿ. 2015ರಲ್ಲಿ ಮೂವರಿಗೂ ಒಟ್ಟಿಗೆ ಸೆರ್ಜಿಯೋ ವಿಯೇರಾ ಡಿ ಮೆಲ್ಲೋ ಪ್ರಶಸ್ತಿ ಬಂತು.

ಈಗ ಯೋಚನೆ ಮಾಡಿ. ಬಂದೂಕು ಹಿಡಿದ ಗುಂಪಿನ ಹೆಸರು ಇಡೀ ಜಗತ್ತಿಗೆ ಗೊತ್ತಾಯ್ತು. ಈ ಮೂವರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಯಾವ ಬೀದಿಯಲ್ಲಿ ಜನ ಯಾರ ಮಾತು ಕೇಳ್ತಾರೆ ಅನ್ನೋದು ಗೊತ್ತಿಲ್ಲದೆ ಹೋದ್ರೆ, ಗಲಭೆ ಶುರುವಾದಾಗ ಯಾರ ಬಾಗಿಲು ತಟ್ಟಬೇಕು ಅನ್ನೋದೂ ಗೊತ್ತಾಗಲ್ಲ. ಲೀಡರ್ ಯಾರು ಅಂತ ಹೇಳಬೇಕಾದವರು ಹೆಡ್ ಆಫೀಸಿನವರಲ್ಲ, ಅವರ ಹಿಂದೆ ನಡೆದ ಜನ. ರೈನ್‌ಡಾರ್ಫ್ ಇನ್ನೂರು ಜನರ ಹತ್ರ ಕೇಳಿ ಕಲಿತದ್ದು ಇದನ್ನೇ. 8,041 ಜನ ಮತ್ತೆ ಹೇಳಿದ್ದೂ ಇದನ್ನೇ.

ನಿಮ್ಮೂರಲ್ಲೂ ಇಂಥವರು ಇರ್ತಾರೆ. ಯಾವ ಧರ್ಮ, ಯಾವ ಜಾತಿ ಅನ್ನೋದು ಬಿಡಿ. ಮನೆಯ ಹಿರಿಯರ ಹತ್ರ ಒಂದು ಪ್ರಶ್ನೆ ಕೇಳಿ: ಕಷ್ಟ ಬಂದಾಗ ಊರು ಯಾರ ಮಾತು ಕೇಳ್ತಿತ್ತು? ಫೋನ್ ರೆಕಾರ್ಡರ್ ಆನ್ ಮಾಡಿಕೊಂಡೇ ಕೇಳಿ. ಸಿಗೋಣ, ಮುಂದಿನ ಎಪಿಸೋಡ್‌ನಲ್ಲಿ.