ಬಸವಕಲ್ಯಾಣ–ಹುಮನಾಬಾದ್ ಸೀಮೆಯ ಭಾಷಾಕಲಿಕೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ದಿನಬಳಕೆಯ ಮಾತುಗಳು. ಪೂರ್ವಕ್ಕೆ ಸರಿದಂತೆ ತೆಲುಗೂ ಜೊತೆಗೂಡುತ್ತದೆ. ಬಸವಕಲ್ಯಾಣದ ಪಶ್ಚಿಮಕ್ಕೆ ಮಹಾರಾಷ್ಟ್ರದ ಉಮರ್ಗಾ, ಉತ್ತರಕ್ಕೆ ನಿಲಂಗಾ. ಹುಮನಾಬಾದಿನ ಮೂಲಕ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿ ಪೂರ್ವಕ್ಕೆ ತೆಲಂಗಾಣದ ಜಹೀರಾಬಾದಿಗೆ ಇಳಿಯುತ್ತದೆ. ಮನೆಯಲ್ಲಿ ಕನ್ನಡ ಆಡುವವರು ಅಂಗಡಿಯಲ್ಲಿ ದಖನಿ, ಬೀಗರ ಊರಿನಲ್ಲಿ ಮರಾಠಿ ಆಡುವುದು ಇಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಕಲಿತಿರಾ ಎಂದು ಕೇಳಿದರೆ ಕಲಿತೆ ಎನ್ನುವವರೂ ಕಡಿಮೆ, ‘ಬರ್ತದ’ ಎನ್ನುವವರೇ ಹೆಚ್ಚು.

ಕುಲದ ಲೆಕ್ಕದಲ್ಲಿ ಇದು ಇಷ್ಟು ಸಲೀಸಾಗಬಾರದಿತ್ತು. ಕನ್ನಡ ದ್ರಾವಿಡ ಭಾಷೆ. ಮರಾಠಿ, ಉರ್ದು ಇಂಡೋ-ಆರ್ಯ ಭಾಷೆಗಳು. ಭಾಷೆಯ ಸುಲಭ-ಕಷ್ಟದ ಮಾತು ಬಂದಾಗ ಸಾಮಾನ್ಯವಾಗಿ ಎತ್ತಿ ತೋರಿಸುವ ಜೋಡಿ ಇಂಗ್ಲಿಷ್ ಮತ್ತು ಸ್ವೀಡಿಷ್. ಅವೆರಡೂ ಜರ್ಮಾನಿಕ್ ಕುಲದವು. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ತನ್ನ ಇಂಗ್ಲಿಷ್ ಭಾಷಿಕ ಅಧಿಕಾರಿಗಳು ಸ್ವೀಡಿಷ್ ಕಲಿಯಲು ಸುಮಾರು 24 ವಾರ ಸಾಕೆಂದೂ, ಹಿಂದಿ, ಉರ್ದು, ತೆಲುಗುಗಳಿಗೆ ಸುಮಾರು 44 ವಾರ ಬೇಕೆಂದೂ ಅಂದಾಜು ಕಟ್ಟಿದೆ. ಸ್ವೀಡಿಷ್‌ನಲ್ಲಿ ಕೈಗೆ ‘ಹಾಂಡ್’, ಮೀನಿಗೆ ‘ಫಿಸ್ಕ್’, ಚಳಿಗಾಲಕ್ಕೆ ‘ವಿಂಟೆರ್’. ‘ನನಗೆ ಹಸಿವಾಗಿದೆ’ ಎನ್ನಲು ‘ಯಾಗ್ ಎರ್ ಹುಂಗ್ರಿಗ್’ ಎಂದರೆ ಆಯಿತು. ಇಂಗ್ಲಿಷ್ ಬಲ್ಲವನಿಗೆ ಇಲ್ಲಿ ಪದವೂ ಗುರುತಿನದು, ವಾಕ್ಯವೂ ಗುರುತಿನದು. ಕ್ರಿಯಾಪದ ಕರ್ತೃವಿಗೆ ತಕ್ಕಂತೆ ರೂಪ ಬದಲಿಸುವ ಕಾಟವೂ ಇಲ್ಲ. ತೊಡಕಿಲ್ಲವೆಂದಲ್ಲ: ‘ಆಂಡೆನ್’ ಎಂಬುದನ್ನು ಒಂದು ರಾಗದಲ್ಲಿ ಹೇಳಿದರೆ ಬಾತುಕೋಳಿ, ಇನ್ನೊಂದು ರಾಗದಲ್ಲಿ ಹೇಳಿದರೆ ಆತ್ಮ. ‘ಬಾರ್ನ್’ ಎಂದರೆ ಇಂಗ್ಲಿಷಿನವನಿಗೆ ಹುಲ್ಲಿನ ಕೊಟ್ಟಿಗೆ, ಸ್ವೀಡನ್ನಿನವನಿಗೆ ಮಗು.

ಹುಮನಾಬಾದಿನಲ್ಲಿ ಅದೇ ಹಸಿವಿನ ಮಾತು ಮೂರು ಬಗೆಯಾಗಿ ಕೇಳುತ್ತದೆ. ‘ನನಗ ಹಸಿವಾಗ್ಯದ’, ‘ಮಲಾ ಭೂಕ್ ಲಾಗಲೀ’, ‘ಮೇರೇಕು ಭೂಕ್ ಲಗೀ’. ಕನ್ನಡದ ಪದಕ್ಕೂ ಉಳಿದೆರಡರ ಪದಕ್ಕೂ ಸಂಬಂಧವಿಲ್ಲ, ಆದರೆ ಮೂರರಲ್ಲೂ ಹಸಿದವನು ಚತುರ್ಥಿಯಲ್ಲೇ ನಿಂತಿದ್ದಾನೆ. ಸ್ವೀಡಿಷ್–ಇಂಗ್ಲಿಷ್ ಜೋಡಿಯಲ್ಲಿ ನೆಂಟಸ್ತಿಕೆ ರಕ್ತದ್ದು, ಇಲ್ಲಿಯದು ನೆರೆಹೊರೆಯದು. ಬಾಯಿಗೆ ಬೇಗ ಹತ್ತುವುದಕ್ಕೆ ಎರಡನೆಯದೇನೂ ಕಡಿಮೆ ಅಲ್ಲ ಎಂಬುದಕ್ಕೆ ಈ ಸೀಮೆ ಒಳ್ಳೆಯ ನಿದರ್ಶನ.

ವಾಕ್ಯದ ಎಲುಬು

ಇಲ್ಲಿಯವರಿಗೆ ಪಕ್ಕದ ಭಾಷೆ ಸುಲಭವಾಗುವುದು ಮುಖ್ಯವಾಗಿ ವಾಕ್ಯರಚನೆಯಿಂದ. ‘ಬಜಾರಕ್ಕ ಹೋಗಿ ಕಾಯಿಪಲ್ಯ ತಗೊಂಡು ಬಂದೆ’ ಎಂಬುದನ್ನು ಗಂಡಸೊಬ್ಬ ಮರಾಠಿಯಲ್ಲಿ ಹೇಳಿದರೆ ‘ಬಾಜಾರಾತ್ ಜಾಊನ್ ಭಾಜೀ ಘೇಊನ್ ಆಲೋ’, ದಖನಿಯಲ್ಲಿ ‘ಬಜಾರಕು ಜಾಕೇ ಭಾಜೀ ಲೇಕೇ ಆಯಾ’. ‘ಹೋಗಿ’ ಇದ್ದಲ್ಲಿ ‘ಜಾಊನ್’, ‘ತಗೊಂಡು’ ಇದ್ದಲ್ಲಿ ‘ಘೇಊನ್’. ಕನ್ನಡದ ವಾಕ್ಯವನ್ನು ಹಾಗೆಯೇ ಇಟ್ಟು ಪದ ಕಳಚಿ ಪದ ಕೂಡಿಸಿದರೆ ಸಾಕು. ‘ನಿನ್ನೆ ಬಂದ ಹುಡುಗ’ ಎನ್ನಲು ಹಿಂದಿಯವರಂತೆ ‘ಜೋ... ವಹ್’ ಎಂದು ಸುತ್ತಬೇಕಿಲ್ಲ. ಮರಾಠಿಯ ‘ಕಾಲ್ ಆಲೇಲಾ ಮುಲಗಾ’ ನೆಟ್ಟಗೆ ಕನ್ನಡದ ದಾರಿಯಲ್ಲೇ ನಡೆಯುತ್ತದೆ.

ಎಲ್ಲಕ್ಕಿಂತ ಸೊಗಸಾದ ಸಾಕ್ಷಿ ‘ಅಂತ’. ‘ನಾಳೆ ಬರತೀನಿ ಅಂತ ಹೇಳ್ಯಾನ’ ಎಂಬಲ್ಲಿನ ಈ ಪುಟ್ಟ ಪದಕ್ಕೆ ಮರಾಠಿಯಲ್ಲಿ ‘ಮ್ಹಣೂನ್’ ಇದೆ: ‘ಉದ್ಯಾ ಯೇತೋ ಮ್ಹಣೂನ್ ಸಾಂಗಿತಲಂ’. ದಖನಿ ಅದನ್ನು ‘ಬೋಲಕೇ’ ಮಾಡಿಕೊಂಡಿದೆ: ‘ಕಲ್ ಆತೂಂ ಬೋಲಕೇ ಬೋಲ್ಯಾ’. ದಿಲ್ಲಿಯವನ ಕಿವಿಗೆ ಇದು ವಿಚಿತ್ರ, ಬಸವಕಲ್ಯಾಣದವನಿಗೆ ಇದು ಅಪ್ಪಟ ಮನೆಮಾತು. ‘ಊಟ-ಗೀಟ’ ಎಂದು ಕನ್ನಡಿಗ ಜೋಡಿಸುವ ಮಾರುನುಡಿಯನ್ನೂ ದಖನಿ ಬಿಟ್ಟಿಲ್ಲ; ಅಲ್ಲಿ ಅದು ‘ಖಾನಾ-ಗೀನಾ’. ಬೇಡವೆನ್ನುವ ‘ನಕ್ಕೋ’, ಒತ್ತಿ ಹೇಳುವ ‘ಅಬ್ಬೀಚ್’ನ ಬಾಲ ಮರಾಠಿಯಿಂದ ಬಂದವು.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಆಡುವವರ ಮಾತನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಭ್ಯಸಿಸಿ 1971ರಲ್ಲಿ ಬರಹ ಪ್ರಕಟಿಸಿದರು. ತಲೆತಲಾಂತರದ ಒಡನಾಟದಲ್ಲಿ ಅಲ್ಲಿನ ಭಾಷೆಗಳು ತಂತಮ್ಮ ಪದಗಳನ್ನು ಉಳಿಸಿಕೊಂಡು, ವ್ಯಾಕರಣವನ್ನು ಮಾತ್ರ ಹೆಚ್ಚುಕಡಿಮೆ ಒಂದು ಮಾಡಿಕೊಂಡಿವೆ ಎಂದು ಅವರು ತೋರಿಸಿದರು. ಜಗತ್ತಿನ ಭಾಷಾವಿಜ್ಞಾನದ ಪಠ್ಯಗಳಲ್ಲಿ ಇಂದಿಗೂ ಉದಾಹರಣೆಯಾಗಿ ಬರುವ ಊರು ಅದು. ಬಸವಕಲ್ಯಾಣದ ಸಂತೆಯಲ್ಲಿ ಒಂದು ತಾಸು ನಿಂತವರಿಗೂ ಆ ಮಾತು ಹೊಸದೆನಿಸದು.

ಪದಗಳೂ ಪೂರ್ತಿ ಪರಕೀಯವಲ್ಲ. ಕಥನದ ದೊಡ್ಡ ಗದ್ಯಪ್ರಕಾರವನ್ನು ಹಿಂದಿಯವರು ‘ಉಪನ್ಯಾಸ’ ಎಂದರೆ ಕನ್ನಡ, ಮರಾಠಿ ಎರಡೂ ‘ಕಾದಂಬರಿ’ ಎನ್ನುತ್ತವೆ. ‘ಶಿಕ್ಷೆ’ ಎಂದರೆ ಹಿಂದಿಯಲ್ಲಿ ವಿದ್ಯೆ, ಈ ಎರಡರಲ್ಲೂ ದಂಡನೆ. ಅತ್ತಿಗೆಯನ್ನು ಕರೆಯುವ ‘ವೈನಿ’ ಮರಾಠಿಯ ‘ವಹಿನೀ’. ಅತ್ತ ಮರಾಠಿಯ ‘ಅಣ್ಣಾ’, ‘ಅಕ್ಕಾ’ ಕನ್ನಡದ ಕಡೆಯಿಂದ ಹೋದವು. ಆದರೆ ಸಂಬಂಧದ ಪದಗಳಲ್ಲೇ ಎಡವುವುದೂ ಉಂಟು. ಮರಾಠಿಯಲ್ಲಿ ‘ತಾಈ’ ಅಕ್ಕ, ‘ಆಈ’ ತಾಯಿ. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ‘ಆಯಿ’ ಅಜ್ಜಿ. ಗಡಿ ದಾಟಿ ಬಂದ ಸೊಸೆ ಮೊದಲ ವಾರ ಯಾರನ್ನು ಏನೆಂದು ಕರೆಯಬೇಕೆಂದು ತಡವರಿಸುವುದು ಸಹಜ.

ಎಡವುವ ಜಾಗಗಳು

ಮರಾಠಿ ಕಲಿಯುವ ಕನ್ನಡಿಗನಿಗೆ ದೊಡ್ಡ ತಲೆನೋವು ಲಿಂಗ. ಕನ್ನಡದಲ್ಲಿ ಗಂಡು ಗಂಡೇ, ಹೆಣ್ಣು ಹೆಣ್ಣೇ, ಉಳಿದದ್ದೆಲ್ಲ ‘ಅದು’. ಮರಾಠಿಯಲ್ಲಿ ‘ರಸ್ತಾ’ ಗಂಡು, ‘ಭಿಂತ್’ ಎಂಬ ಗೋಡೆ ಹೆಣ್ಣು, ಅದೇ ಗೋಡೆಯಲ್ಲಿರುವ ಬಾಗಿಲು ‘ದಾರ್’ ನಪುಂಸಕ. ಕಾರಣ ಕೇಳಿದರೆ ಹೇಳುವವರಿಲ್ಲ. ಭೂತಕಾಲದಲ್ಲಿ ಇನ್ನೊಂದು ಪೇಚು: ‘ಮೀ ಆಂಬಾ ಖಾಲ್ಲಾ’, ಆದರೆ ‘ಮೀ ಪೋಳೀ ಖಾಲ್ಲೀ’. ತಿಂದವನು ಒಬ್ಬನೇ, ಕ್ರಿಯಾಪದ ಮಾತ್ರ ಮಾವಿಗೊಂದು, ಹೋಳಿಗೆಗೊಂದು. ‘ತಿಂದೆ’ ಎಂದು ಮುಗಿಸಿ ಅಭ್ಯಾಸವಾದ ಬಾಯಿ ಇಲ್ಲಿ ತಪ್ಪುತ್ತದೆ, ಕೇಳುವವರು ನಗುತ್ತಾರೆ. ಕುಪ್ವಾಡದ ಮರಾಠಿ ಈ ಹೊರೆಯನ್ನು ಅರ್ಧ ಇಳಿಸಿಕೊಂಡು, ಜೀವವಿಲ್ಲದ್ದನ್ನು ಕನ್ನಡದಂತೆ ನಪುಂಸಕದಲ್ಲಿ ಸೇರಿಸಿದೆ ಎಂಬುದು ಆ ಅಧ್ಯಯನದಲ್ಲಿ ಕಂಡ ಸಂಗತಿಗಳಲ್ಲೊಂದು.

ಸಂಖ್ಯೆಗಳ ಕಥೆ ಬೇರೆ. ನಲವತ್ತೈದು, ಐವತ್ತೈದು, ಅರವತ್ತೈದು ಎಂದು ಏಣಿ ಹತ್ತಿದಂತೆ ಎಣಿಸುವವನ ಮುಂದೆ ಮರಾಠಿ ‘ಪಂಚೇಚಾಳೀಸ್, ಪಂಚಾವನ್ನ, ಪಾಸಷ್ಟ’ ಎನ್ನುತ್ತದೆ. ನಲವತ್ತೊಂಬತ್ತು ‘ಏಕೋಣಪನ್ನಾಸ್’, ಅಂದರೆ ಐವತ್ತಕ್ಕೆ ಒಂದು ಕಡಿಮೆ. ನೂರರವರೆಗೆ ಬಾಯಿಪಾಠ ಮಾಡದೆ ಗತಿಯಿಲ್ಲ. ಅದೇ ಕಾಲು-ಅರ್ಧಗಳ ಲೆಕ್ಕಕ್ಕೆ ಬಂದರೆ ಕನ್ನಡಿಗ ಮೊದಲೇ ಗೆದ್ದಿರುತ್ತಾನೆ. ‘ಸವ್ವಾ’, ‘ದೀಡ’, ‘ಅಡೀಚ’, ‘ಪಾವಣೆ’ ಎಂಬವು ಅವನ ತಾತನ ಕಾಲದಿಂದ ಮನೆಯಲ್ಲೇ ಇವೆ.

ಮರಾಠಿಗ ಕನ್ನಡಕ್ಕೆ ಬಂದಾಗ ಎಡವುವುದು ಹ್ರಸ್ವ-ದೀರ್ಘದಲ್ಲಿ. ಮರಾಠಿಯಲ್ಲಿ ‘ಎ–ಏ’, ‘ಒ–ಓ’ ಎಂಬ ಭೇದವಿಲ್ಲ. ತೊಗರಿ ಬೆಳೆಯುವ ಈ ಜಿಲ್ಲೆಯಲ್ಲಿ ‘ಬೆಳೆ’ ಹೊಲದಲ್ಲಿರುವುದು, ‘ಬೇಳೆ’ ಗಡಿಗೆಯಲ್ಲಿ ಬೇಯುವುದು. ‘ಒಲೆ’ ಉರಿಯುವುದು, ‘ಓಲೆ’ ಓದುವುದು ಅಥವಾ ಕಿವಿಗೆ ಹಾಕಿಕೊಳ್ಳುವುದು. ಮಾತಿನಲ್ಲಿ ಸಂದರ್ಭ ಕಾಪಾಡುತ್ತದೆ, ಪರೀಕ್ಷೆಯ ಉಕ್ತಲೇಖನದಲ್ಲಿ ಯಾವುದೂ ಕಾಪಾಡುವುದಿಲ್ಲ. ಎರಡನೆಯ ತೊಡಕು ‘ಇಲ್ಲ’ ಮತ್ತು ‘ಅಲ್ಲ’. ಆಡುಮಾತಿನ ಮರಾಠಿ ಎರಡಕ್ಕೂ ‘ನಾಹೀ’ ಎಂದು ತೀರಿಸಿಬಿಡುವುದರಿಂದ ‘ಅವ ನಮ್ಮ ಮಾಸ್ತರ ಇಲ್ಲ’ ಎಂಬಂಥ ವಾಕ್ಯಗಳು ಹುಟ್ಟುತ್ತವೆ.

ದಖನಿ ಮೂರರಲ್ಲಿ ಹಗುರವಾದದ್ದು. ಶಾಲೆಯ ಉರ್ದು ‘ಮೈನೇ ರೋಟೀ ಖಾಯೀ’ ಎಂದು ರೊಟ್ಟಿಯ ಲಿಂಗ ಹಿಡಿದು ಕೂತರೆ, ದಖನಿಯ ಗಂಡಸು ‘ಮೈ ರೋಟೀ ಖಾಯಾ’ ಎಂದು ಕನ್ನಡದವನಂತೆ ತಿಂದವನನ್ನೇ ನೋಡುತ್ತಾನೆ. ಬಹುವಚನಕ್ಕೂ ಒಂದೇ ಸರಳ ಪ್ರತ್ಯಯ: ‘ಬಾತಾಂ’, ‘ಲೋಗಾಂ’. ಹೀಗಾಗಿ ದಖನಿ ಸರಾಗವಾಗಿ ಬರುವವರೂ ಲಖನೌ ಉರ್ದುವಿನ ಮುಂದೆ ಹೊಸಬರಾಗುತ್ತಾರೆ.

ಹಿನ್ನೆಲೆ

ಈ ಬೆರಕೆ ನಿನ್ನೆಯದಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ತಂದ ಮೇಲೆ ಕಲ್ಯಾಣದ ಆಳ್ವಿಕೆಯಲ್ಲಿ ಕನ್ನಡ, ಮರಾಠಿ, ತೆಲುಗು ನಾಡುಗಳು ಒಂದಾಗಿದ್ದವು. ಕಾಶ್ಮೀರದ ಕವಿ ಬಿಲ್ಹಣ ಆರನೇ ವಿಕ್ರಮಾದಿತ್ಯನ (1076–1126) ಆಸ್ಥಾನಕ್ಕೆ ಬಂದು ನೆಲೆಸಿದ. ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಸಂಸ್ಕೃತ ಗ್ರಂಥವಾದರೂ ಅದರ ಸಂಗೀತದ ಭಾಗದಲ್ಲಿ ಮರಾಠಿಯೂ ಸೇರಿ ದೇಶಭಾಷೆಗಳ ಹಾಡಿನ ತುಣುಕುಗಳಿವೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ದೂರದೂರದವರಿದ್ದರು. ಹುಮನಾಬಾದ್ ಸೀಮೆಯ ಮೊಳಕೇರಿಯೊಂದಿಗೆ ಹೆಸರು ಕೂಡಿರುವ ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುತ್ತದೆ. ಉರಿಲಿಂಗದೇವ ಇಂದಿನ ನಾಂದೇಡ್ ಜಿಲ್ಲೆಯ ಕಂಧಾರದವನು, ಆದಯ್ಯ ಸೌರಾಷ್ಟ್ರದವನು ಎಂಬುದೂ ಅದೇ ಪರಂಪರೆಯ ಮಾತು. ಅದನ್ನು ಒಪ್ಪಿದರೆ ಇವರೆಲ್ಲ ಕನ್ನಡವನ್ನು ಕಲಿತು ವಚನ ಬರೆದವರು. ರಾಜಸಭೆಯ ಹಳಗನ್ನಡವಾಗಿದ್ದರೆ ಹೊರಗಿನಿಂದ ಬಂದು ಸೌದೆ ಹೊರುತ್ತಿದ್ದ ಮಾರಯ್ಯನಂಥವನಿಗೆ ಅದು ಇಷ್ಟು ಬೇಗ ಒಲಿಯುತ್ತಿತ್ತೇ ಎಂಬುದು ಅನುಮಾನ. ವಚನಕಾರರು ಆಯ್ದುಕೊಂಡ ಆಡುಮಾತು ಕಲಿಯುವವರಿಗೂ ಬಾಗಿಲು ತೆರೆದಿಟ್ಟಿತು.

ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದಿನ ಪಕ್ಕದಲ್ಲಿ ಮಾಣಿಕನಗರ ಕಟ್ಟಿ, 1865ರಲ್ಲಿ ಸಮಾಧಿಸ್ಥರಾದ ಮಾಣಿಕ ಪ್ರಭುಗಳು ಮರಾಠಿ, ಹಿಂದಿ, ಕನ್ನಡ, ಸಂಸ್ಕೃತಗಳಲ್ಲಿ ಪದಗಳನ್ನು ರಚಿಸಿದರು. ಸಕಲಮತ ಎಂದು ಹೆಸರಿಟ್ಟ ಅವರ ಸಂಪ್ರದಾಯಕ್ಕೆ ಒಂದೇ ಭಾಷೆ ಸಾಲದು ಎನಿಸಿದ್ದರೆ ಆಶ್ಚರ್ಯವಿಲ್ಲ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಆಡಳಿತದಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಕನ್ನಡದ ಮನೆಯ ಮಗು ಅಕ್ಷರ ತಿದ್ದಿದ್ದು ‘ಅಲಿಫ್, ಬೇ’ಯಿಂದ. ನೆರೆಯ ಭಾಲ್ಕಿಯ ಹಿರೇಮಠದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬುದು ಜಿಲ್ಲೆಯಲ್ಲಿ ಇಂದಿಗೂ ಮನೆಮನೆಯ ಮಾತು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರುವಾಗ ಹಳೆಯ ಜಿಲ್ಲೆಯ ಉದಗೀರ, ನಿಲಂಗಾ ಭಾಗ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಕಡೆ ಆಂಧ್ರಪ್ರದೇಶಕ್ಕೆ ಹೋದವು. ಗೆರೆ ಬಿದ್ದದ್ದು ನಕ್ಷೆಯ ಮೇಲೆ, ಹೆಣ್ಣು ಕೊಟ್ಟು ತರುವ ದಾರಿಗಳು ಹಾಗೆಯೇ ಉಳಿದವು.

ಕಲಿತು ಬರೆದವರಲ್ಲಿ ಜಯದೇವಿತಾಯಿ ಲಿಗಾಡೆ (1912–1986) ಅವರದು ಬೇರೆಯೇ ಸಾಧನೆ. ಸೊಲ್ಲಾಪುರದಲ್ಲಿ ಹುಟ್ಟಿ ಶಾಲೆಯಲ್ಲಿ ಮರಾಠಿ ಕಲಿತ ಅವರು ಕನ್ನಡದ ಓದುಬರಹವನ್ನು ತಾವಾಗಿ ರೂಢಿಸಿಕೊಂಡರು. ಶರಣ ಸಿದ್ಧರಾಮನ ಬದುಕನ್ನು ಸಾವಿರಾರು ತ್ರಿಪದಿಗಳಲ್ಲಿ ಹಾಡಿದರು. ತ್ರಿಪದಿ ಬೀಸುವಕಲ್ಲಿನ ಮುಂದಿನ ಛಂದಸ್ಸು, ಶಾಲೆ ಅದನ್ನು ಕಲಿಸುವುದಿಲ್ಲ. ಕಿವಿಯಿಂದ ಬಂದ ಕನ್ನಡಕ್ಕೆ ಅದೇ ಸಲೀಸಾಗಿ ಒದಗಿತೆಂದು ತೋರುತ್ತದೆ. ವಚನ ಸಾಹಿತ್ಯವನ್ನು ಮರಾಠಿಗೂ ಒಯ್ದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಸ್ಥಾನಕ್ಕೇರಿದ ಮೊದಲ ಮಹಿಳೆಯಾದರು. ಕೊನೆಯ ವರ್ಷಗಳನ್ನು ಬಸವಕಲ್ಯಾಣದಲ್ಲಿ ಕಳೆದರು.

ಬಾಯಿ ಮತ್ತು ಕಣ್ಣು

ಇಂದು ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳು ಈ ಭಾಗದಲ್ಲಿವೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ಎಲ್ಲ ಶಾಲೆಗಳಲ್ಲೂ ಕನ್ನಡ ಒಂದು ಭಾಷೆಯಾಗಿ ಇರಲೇಬೇಕು. ಆದರೆ ‘ಯಾಕ್ ಬರ್ಲತ್ತಿಲ್ಲೋ’ ಎಂದು ಗೆಳೆಯರಿಂದ ಕನ್ನಡ ಹೀರಿಕೊಂಡ ಮರಾಠಿ ಮನೆಯ ಹುಡುಗನಿಗೆ ಪಠ್ಯದ ‘ಏಕೆ ಬರುತ್ತಿಲ್ಲ’ ಮೂರನೆಯ ಭಾಷೆಯಂತೆ ಕಾಣುತ್ತದೆ. ಆ ತೊಡಕು ಕನ್ನಡದ ಮನೆಯ ಹುಡುಗನಿಗೂ ಇದ್ದದ್ದೇ.

ಸ್ವೀಡಿಷ್ ಕಲಿಯುವ ಇಂಗ್ಲಿಷಿನವನಿಗೆ ಲಿಪಿಯೂ ತನ್ನದೇ, ಮೂರು ಅಕ್ಷರ ಹೆಚ್ಚಷ್ಟೆ. ಇಲ್ಲಿ ಮೂರು ಭಾಷೆಗೆ ಮೂರು ಲಿಪಿ, ಒಂದು ಬಲದಿಂದ ಎಡಕ್ಕೆ ಓಡುವಂಥದು. ದಿನವಿಡೀ ದಖನಿಯಲ್ಲಿ ವ್ಯಾಪಾರ ಮಾಡುವ ರೈತ, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ನಿಜಾಮರ ಕಾಲದ ಜಮೀನಿನ ಕಾಗದವನ್ನು ಉರ್ದು ಬಲ್ಲ ಹಿರಿಯರೊಬ್ಬರ ಮುಂದೆ ಹಿಡಿಯುತ್ತಾನೆ. ಅವರು ಓದುತ್ತಾ ಹೋದಂತೆ ಕಾಗದದ ಪ್ರತಿ ಪದವೂ ಅವನಿಗೆ ಗೊತ್ತಿರುವುದೇ: ಪಟ್ವಾರಿ, ಗಿರ್ದಾವರ್, ಫಸಲಿ, ರಕಂ.