ಭಂಡಾರಿ ಬಸವಣ್ಣನವರ ಆತ್ಮಪರೀಕ್ಷೆ

ವಿಜಯಪುರ, ತಿಕೋಟಾ, ಬಬಲೇಶ್ವರ, ಜೈನಾಪುರಗಳಿರುವ ಸೀಮೆಯ ಬಹುಭಾಗವು 12ನೆಯ ಶತಮಾನದಲ್ಲಿ ತರ್ದವಾಡಿ ಸಾವಿರವೆಂಬ ಆಡಳಿತ ವಿಭಾಗಕ್ಕೆ ಸೇರಿದ್ದು, ಚಾಳುಕ್ಯರ ಅಧೀನದಲ್ಲಿ ಅದನ್ನು ಆಳುತ್ತಿದ್ದ ಮಂಗಳವೇಡೆಯ ಕಳಚುರಿ ಬಿಜ್ಜಳನು ಮುಂದೆ ಕಲ್ಯಾಣದ ಸಿಂಹಾಸನವನ್ನೇ ವಶಪಡಿಸಿಕೊಂಡನು. ಆ ಬಿಜ್ಜಳನ ಭಂಡಾರಿಯಾಗಿ, ಅಂದರೆ ರಾಜ್ಯದ ಖಜಾನೆಯ ಹೊಣೆ ಹೊತ್ತ ಮಂತ್ರಿಯಾಗಿ ದುಡಿದ ಬಸವಣ್ಣನವರು ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯವರು. 1260ರ ಅರ್ಜುನವಾಡ ಶಾಸನವು ಅವರನ್ನು ಬಾಗೇವಾಡಿಯ ಮಾದಿರಾಜನ ಮಗನೆಂದು ಹೆಸರಿಸುತ್ತದೆ. ಕವಿ ಹರಿಹರನ ರಗಳೆಯ ಪ್ರಕಾರ ಅವರು ಉಪನಯನದ ಕಟ್ಟನ್ನು ತೊರೆದು ಕೂಡಲಸಂಗಮಕ್ಕೆ ಹೋಗಿ, ಅಲ್ಲಿಂದ ಮಂಗಳವೇಡೆಗೆ ಬಂದು ಕರಣಿಕರ ಸಾಲಿನಲ್ಲಿ ಲೆಕ್ಕ ಬರೆಯುತ್ತ ಮೇಲೇರಿದರು.

ರಾಜಕಾರಣಿಯೊಬ್ಬನು ತನ್ನನ್ನು ತಾನು ತಿದ್ದಿಕೊಳ್ಳುವ ಕ್ರಮಕ್ಕೆ ಜಗತ್ತು ಸಾಮಾನ್ಯವಾಗಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನನ್ನು ನೆನೆಯುತ್ತದೆ. ಆತನು ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದರಂತೆ ಅಭ್ಯಾಸಕ್ಕೆ ಇಟ್ಟುಕೊಂಡು, ತಪ್ಪಿದಾಗಲೆಲ್ಲ ಕಿರುಪುಸ್ತಕದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದನು. ಬಸವಣ್ಣನವರಲ್ಲಿಯೂ ಅಂತಹ ಪಟ್ಟಿಯಿದೆ: ಕಳವು, ಕೊಲೆ, ಸುಳ್ಳು, ಸಿಟ್ಟು, ಪರರ ಬಗೆಗಿನ ಹೇಸಿಕೆ, ಆತ್ಮಪ್ರಶಂಸೆ, ಪರನಿಂದೆ ಎಂಬ ಏಳನ್ನು ಬಿಡುವುದೇ ಒಳಹೊರಗಿನ ಶುದ್ಧಿಯೆಂದು ಅವರು ಹೇಳಿದರು. ಆದರೆ ಫ್ರಾಂಕ್ಲಿನ್ನನ ಪುಸ್ತಕವು ತನ್ನೊಬ್ಬನಿಗಾಗಿ ಇಟ್ಟ ಲೆಕ್ಕವಾಗಿದ್ದರೆ, ಬಸವಣ್ಣನವರ ವಚನವು, ಅಂದರೆ ಹಾಡುವುದಕ್ಕೂ ಓದುವುದಕ್ಕೂ ಒದಗುವ ಆ ಗದ್ಯಲಯದ ನುಡಿಯು, ಶರಣರೆಲ್ಲರ ಕಿವಿಗೆ ಬೀಳುವಂತೆ ತನ್ನ ಕುಂದನ್ನು ತಾನೇ ಒಪ್ಪಿಕೊಳ್ಳುವ ಸಾಧನವಾಯಿತು. ಈ ವ್ಯತ್ಯಾಸ ಸಣ್ಣದಲ್ಲ.

ಅಧಿಕಾರದಲ್ಲಿದ್ದವನಿಗೆ ತಪ್ಪನ್ನು ತೋರಿಸಿಕೊಡುವವರು ವಿರಳ, ಹೊಗಳುವವರು ಹೇರಳ. ಹೊಗಳಿಕೆಯು ಚಿನ್ನದ್ದಾದರೂ ಶೂಲವೇ ಎಂಬ ಭಾವದ ವಚನವು ಕೇವಲ ವಿನಯದ ಮಾತಲ್ಲ, ಅರಮನೆಯನ್ನು ಒಳಗಿನಿಂದ ಕಂಡ ಅಧಿಕಾರಿಯ ಎಚ್ಚರವೆಂದೇ ಓದಬೇಕು. ತಮ್ಮ ಮನಸ್ಸಿನ ಚಂಚಲತೆಯನ್ನೂ ಭಕ್ತಿಯ ತೋರಿಕೆಯನ್ನೂ ಕಟುವಾಗಿ ಬಯಲಿಗೆಳೆಯುವ ಅವರು, ಲೋಕವನ್ನು ತಿದ್ದಹೊರಡುವ ಮೊದಲು ತನ್ನ ತನುಮನಗಳನ್ನು ಸಂತೈಸಿಕೊಳ್ಳಬೇಕೆಂದರು. ಹುಟ್ಟಿನ ಹಿರಿಮೆಯನ್ನು ಕಳೆದುಕೊಳ್ಳಲು ಅವರು ಹಿಡಿದ ದಾರಿ ಇನ್ನೂ ಕಠಿಣವಾದುದು: ಅಂದಿನ ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಮ್ಮ ಹಿರಿಯರೆಂದು, ಬಂಧುಗಳೆಂದು ಸಾರಿ, ಬ್ರಾಹ್ಮಣ ಕುಲದ ಮಂತ್ರಿಯು ತನ್ನ ವಂಶಾವಳಿಯನ್ನೇ ಬದಲಿಸಿಕೊಂಡನು. ಫ್ರಾಂಕ್ಲಿನ್ನನ ಪಟ್ಟಿಗೆ ನಮ್ರತೆಯು ಗೆಳೆಯನೊಬ್ಬನು ಹೇಳಿದ ಮೇಲೆ ಕೊನೆಯದಾಗಿ ಸೇರಿತ್ತು. ಇಲ್ಲಿ ಅದೇ ಮೊದಲ ಮೆಟ್ಟಿಲು.

ಈ ಒಳಗಿನ ಶಿಸ್ತಿಗೆ ಹೊರಗಿನ ಆಸರೆಯಾಗಿ ಕಾಯಕ ಮತ್ತು ದಾಸೋಹಗಳಿದ್ದವು; ಸತ್ಯವಾಗಿ ದುಡಿಯುವ ಕೆಲಸವೇ ಪೂಜೆಯೆನ್ನುವುದು ಕಾಯಕ, ದುಡಿದುದನ್ನು ಸಮುದಾಯದೊಡನೆ ಹಂಚಿ ಉಣ್ಣುವುದು ದಾಸೋಹ. ಖಜಾನೆಯ ಹಣವನ್ನು ಜಂಗಮರಿಗೆ, ಅಂದರೆ ಸಂಚಾರಿ ಶಿವಭಕ್ತರಿಗೆ, ಸುರಿಯುತ್ತಿದ್ದಾನೆಂದು ವಿರೋಧಿಗಳು ಅರಸನಿಗೆ ದೂರಿತ್ತಾಗ ಲೆಕ್ಕ ಸರಿಯಾಗಿಯೇ ಇತ್ತೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಅವುಗಳಲ್ಲಿನ ಪವಾಡದ ಅಂಶವನ್ನು ಬಿಟ್ಟರೂ, ಸಾರ್ವಜನಿಕ ಹಣದ ಶುದ್ಧಿಯನ್ನು ಆ ಕಥನಕಾರರು ಭಕ್ತಿಯ ಒರೆಗಲ್ಲಾಗಿ ಕಂಡದ್ದು ಗಮನಾರ್ಹ.

ಸಮಗಾರ ಕುಲದ ಶರಣ ಹರಳಯ್ಯ ಮತ್ತು ಬ್ರಾಹ್ಮಣ ಕುಲದ ಶರಣ ಮಧುವರಸರ ಮಕ್ಕಳ ವರ್ಣಾಂತರ ವಿವಾಹದ ಬಳಿಕ ಕಲ್ಯಾಣವು ಕಲಕಿಹೋಗಿ ಬಸವಣ್ಣನವರು ಕೂಡಲಸಂಗಮಕ್ಕೆ ಮರಳಿದರೆಂಬುದು ಪರಂಪರೆಯ ಮಾತು. ಶರಣರು ಚದುರಿದ ಮೇಲೆ ವಚನಗಳು ಮಠಮನೆಗಳ ತಾಳೆಗರಿಗಳಲ್ಲಿ ಉಳಿದುಕೊಂಡವು. ಅವನ್ನು ಹುಡುಕಿ ತೆಗೆದವರಲ್ಲಿ ಅಗ್ರಗಣ್ಯರು ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು. ಅವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ತಮ್ಮ ಗಳಿಕೆಯನ್ನೆಲ್ಲ ಆ ಮುದ್ರಣಕ್ಕೇ ಸುರಿದರು.